ಕ್ಯಾರೆಟ್ ಕೋಶ ಭ್ರೂಣವಾದ ಬಗೆ

ಗಿಡದ ಮೈಯಿಂದ ಬಿಡಿಸಿದ ಒಂಟಿ ಕೋಶದಿಂದಲೂ ಭ್ರೂಣ ಬೆಳೆಸಬಹುದೆಂಬ ಊಹೆಯನ್ನು ಆಸ್ಟ್ರಿಯಾದ ಸಸ್ಯವಿಜ್ಞಾನಿ ಗಾಟ್‌ಲೀಬ್ ಹಾಬರ್‌ಲಾಂಟ್ 1902ರಲ್ಲೇ ಮುಂದಿಟ್ಟಿದ್ದರು. ಅವರು ಸಾಕಿದ ಕೋಶಗಳು ಬದುಕಿದವು, ಊದಿಕೊಂಡವು. ಆದರೆ ಒಂದೂ ವಿಭಜನೆಯಾಗಲಿಲ್ಲ. ಕೋಶವನ್ನು ವಿಭಜನೆಗೆ ಹಚ್ಚುವ ಹಾರ್ಮೋನುಗಳು ಆಗಿನ್ನೂ ಯಾರ ಕೈಗೂ ಸಿಕ್ಕಿರಲಿಲ್ಲ.

ಅಂಥ ಹಾರ್ಮೋನುಗಳಲ್ಲಿ ಒಂದಾದ ಆಕ್ಸಿನ್ ಇರುವುದನ್ನು ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಗಳಲ್ಲಿ ತೋರಿಸಿದ್ದು 1928ರಲ್ಲಿ. ಇನ್ನೊಂದಾದ ಕೈನೆಟಿನ್ ದೊರೆತದ್ದು 1955ರಲ್ಲಿ. ಎರಡೇ ವರ್ಷಗಳಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಅಂಗಾಂಶದಲ್ಲಿ ಇವೆರಡರ ಪ್ರಮಾಣದ ಆಟವನ್ನು ಬಿಡಿಸಿಟ್ಟರು: ಆಕ್ಸಿನ್ ಮೇಲುಗೈಯಾದರೆ ಬೇರು, ಕೈನೆಟಿನ್ ಮೇಲುಗೈಯಾದರೆ ಚಿಗುರು. ಭ್ರೂಣಕ್ಕಾದರೋ ಬೇರು, ಚಿಗುರು ಎರಡರ ತುದಿಗಳೂ ಒಟ್ಟಿಗೇ ಮೂಡಬೇಕು.

1958ರ ಸುಮಾರಿಗೆ ಅಮೆರಿಕದ ಕಾರ್ನೆಲ್‌ನಲ್ಲಿ ಎಫ್. ಸಿ. ಸ್ಟೀವರ್ಡ್, ಜರ್ಮನಿಯಲ್ಲಿ ಯಾಕೊಬ್ ರೈನರ್ಟ್, ಇಬ್ಬರೂ ಬೇರೆಬೇರೆಯಾಗಿ ಕ್ಯಾರೆಟ್ ಕೋಶಗಳಿಂದ ಭ್ರೂಣ ಪಡೆದರು. ಸ್ಟೀವರ್ಡ್ ದ್ರಾವಣಕ್ಕೆ ತೆಂಗಿನಕಾಯಿ ನೀರು ಬೆರೆಸಿದ್ದರು. ಅದರೊಳಗೆ ಹತ್ತಾರು ವಸ್ತುಗಳಿರುವುದರಿಂದ ಭ್ರೂಣಕ್ಕೆ ಕಾರಣ ಯಾವುದೆಂದು ಹೇಳುವುದು ಕಷ್ಟವಿತ್ತು. ಹೆಸರು ಸ್ಟೀವರ್ಡ್ ಅವರದೇ ದೊಡ್ಡದಾಯಿತು. ಆದರೆ ಹಾರ್ಮೋನಿನ ಪಾತ್ರ ಸ್ಪಷ್ಟವಾದದ್ದು 1964ರಲ್ಲಿ, ಹಾಲ್ಪೆರಿನ್ ಮತ್ತು ವೆದರೆಲ್ ಕಾಡು ಕ್ಯಾರೆಟ್‌ನಲ್ಲಿ ನಡೆಸಿದ ಕೆಲಸದಿಂದ ಎನ್ನುವುದೇ ಸರಿ.

ಅವರು ಬಳಸಿದ್ದು 2,4-ಡಿ. ರೈತರಿಗೆ ಕಳೆನಾಶಕವೆಂದೇ ಪರಿಚಿತವಾದ ಇದು ಒಂದು ಕೃತಕ ಆಕ್ಸಿನ್. ಅದಿರುವ ಮಾಧ್ಯಮದಲ್ಲಿ ಕ್ಯಾಲಸ್, ಅಂದರೆ ಆಕಾರವಿಲ್ಲದ ಕೋಶಗಳ ಮುದ್ದೆ, ಬೆಳೆದು, ಭ್ರೂಣವಾಗಬಲ್ಲ ಸಣ್ಣ ಕೋಶಗುಚ್ಛಗಳು ರೂಪುಗೊಳ್ಳುತ್ತವೆ. ಆದರೆ ಮುಂದೆ ಹೋಗುವುದಿಲ್ಲ. 2,4-ಡಿ ಇಲ್ಲದ ಅಥವಾ ತೀರಾ ಕಡಿಮೆ ಇರುವ ಮಾಧ್ಯಮಕ್ಕೆ ಬದಲಿಸಿದರೆ ಅವೇ ಗುಚ್ಛಗಳು ಗೋಳ, ಹೃದಯ, ಟಾರ್ಪೀಡೊ ಆಕಾರಗಳನ್ನು ದಾಟಿ ಸಸಿಯಾಗುತ್ತವೆ. ಭ್ರೂಣಕ್ಕೆ ಚಾಲನೆ ಕೊಡುವ ಹಾರ್ಮೋನೇ ಉಳಿದುಬಿಟ್ಟರೆ ಅದನ್ನು ತಡೆಯುತ್ತದೆ. ಕಾರಣವೂ ನಂತರ ತಿಳಿಯಿತು: ಭ್ರೂಣ ತನ್ನದೇ ಆಕ್ಸಿನ್ ಅನ್ನು ಒಂದು ದಿಕ್ಕಿಗೆ ಸಾಗಿಸಿ ಬೇರಿನ ತುದಿ, ಚಿಗುರಿನ ತುದಿಗಳನ್ನು ಗುರುತಿಸಿಕೊಳ್ಳುತ್ತದೆ, ಹೊರಗಿನಿಂದ ಎಲ್ಲೆಡೆ ಸಮನಾಗಿ ಸುರಿದರೆ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಎಂಬ ಆ ಏರಿಳಿತ ಅಳಿಸಿಹೋಗುತ್ತದೆ. ಹಾರ್ಮೋನೊಂದೇ ಸಾಲದು, ಅಮೋನಿಯಂ ರೂಪದ ಸಾರಜನಕವೂ ಬೇಕೆಂದು ಹಾಲ್ಪೆರಿನ್ ಮತ್ತು ವೆದರೆಲ್ 1965ರಲ್ಲಿ ತೋರಿಸಿದರು.

1974ರಲ್ಲಿ ಸಸ್ಯವಿಜ್ಞಾನಿ ಅಮ್ಮಿರಾಟೊ ಶಾಜೀರಿಗೆಯ ಕೋಶಗಳಿಗೆ ಅಬ್ಸಿಸಿಕ್ ಆಮ್ಲವೆಂಬ ಇನ್ನೊಂದು ಹಾರ್ಮೋನು ಕೊಟ್ಟಾಗ ವಿಕಾರ ಭ್ರೂಣಗಳು ಕಡಿಮೆಯಾದವು. ಬೀಜದೊಳಗೆ ಭ್ರೂಣವನ್ನು ಮಾಗಿಸುವುದೂ ಇದೇ ಹಾರ್ಮೋನು. 1979ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶ್ರೀಗಂಧದ ಚಿಗುರಿನ ಕ್ಯಾಲಸ್‌ನಿಂದ ಭ್ರೂಣಗಳೂ ಸಸಿಗಳೂ ಮೂಡಿದವು. ಬೀಜದಿಂದ ಬಂದ ಮರಗಳಲ್ಲಿ ತಾಯಿಮರದ ಗುಣ ಖಚಿತವಲ್ಲ. ಆಯ್ದ ಮರದ ಅಂಗಾಂಶದಿಂದಲೇ ಸಸಿ ಪಡೆಯುವ ದಾರಿ ಹೀಗೆ ಗಂಧಕ್ಕೂ ತೆರೆಯಿತು.