ಹಳೆಯ ಬೈಕ್‌ನ ಪೆಟ್ರೋಲ್ ಸೋರಿಕೆ: ಮೂಲ ಪತ್ತೆ ಹೇಗೆ, ಬಿಡಿಭಾಗ ಯಾವುದು?

ಬೀದರ್‌ನಿಂದ ಔರಾದ್‌ಗೆ ಹೋಗುವ ರಸ್ತೆಯ ಜನವಾಡದಂತಹ ಊರುಗಳಲ್ಲಿ ಹೊಲ, ಸಂತೆ, ಆಸ್ಪತ್ರೆ ಎಲ್ಲಕ್ಕೂ ಆಸರೆಯಾಗುವುದು ಬಹುಪಾಲು ಎರಡನೆಯ ಅಥವಾ ಮೂರನೆಯ ಕೈಗೆ ಬಂದ ಬೈಕ್. ಇಂತಹ ವಾಹನಗಳಲ್ಲಿ ಸಾಮಾನ್ಯವಾಗಿ ಕಾಣುವ, ಆದರೆ ಮಾಲೀಕರು ಕಡೆಗಣಿಸುವ ದೋಷವೆಂದರೆ ಪೆಟ್ರೋಲ್ ಸೋರಿಕೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದದ್ದು. ಮೇಲೇರಿ ಚದುರದೆ ನೆಲದ ಮಟ್ಟದಲ್ಲೇ ಹರಡುತ್ತದೆ. ರಾತ್ರಿ ಪಡಸಾಲೆಯಲ್ಲಿ ನಿಲ್ಲಿಸಿದ ಬೈಕ್ ಸೋರುತ್ತಿದ್ದರೆ ಒಂದು ಕಿಡಿ ಸಾಕು.

ಹನಿ ಬೀಳುವ ಜಾಗವೇ ಸೋರುವ ಜಾಗವೆಂದು ತಿಳಿಯುವಂತಿಲ್ಲ. ತಣ್ಣಗಿನ ಎಂಜಿನ್‌ನ ಸುತ್ತ ಒಣ ಬಟ್ಟೆಯಿಂದ ಒರೆಸಿ, ಬೈಕನ್ನು ನಡುಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಪೆಟ್ರೋಲ್ ಕಾಕ್ ಬಂದ್ ಮಾಡಿ ಕಾಯಬೇಕು. ಆಗಲೂ ತೇವ ಕಂಡರೆ ದೋಷ ಟ್ಯಾಂಕಿನಲ್ಲಿ ಅಥವಾ ಕಾಕ್‌ನಲ್ಲಿದೆ. ಕಾಕ್ ತೆರೆದ ಮೇಲಷ್ಟೇ ಹನಿಯತೊಡಗಿದರೆ ಪೈಪ್ ಅಥವಾ ಕಾರ್ಬೊರೇಟರ್ ಕಡೆ ನೋಡಬೇಕು. ಕಾರ್ಬೊರೇಟರ್‌ನ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ಇಳಿಯುತ್ತಿದ್ದರೆ ಫ್ಲೋಟ್ ಮೇಲೇರಿದರೂ ನೀಡಲ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲವೆಂದು ಅರ್ಥ. ಎಷ್ಟೋ ಸಲ ಇದಕ್ಕೆ ಕಾರಣ ಟ್ಯಾಂಕಿನ ತುಕ್ಕಿನ ಒಂದು ಕಣ. ತೊಳೆದರೆ ಸಾಕು, ಹೊಸ ಭಾಗವೇ ಬೇಡ. ಹಾಗೆಯೇ ಬಿಟ್ಟರೆ ಪೆಟ್ರೋಲ್ ಎಂಜಿನ್ ಒಳಗಿಳಿದು ಆಯಿಲ್ ಜತೆ ಬೆರೆತು ಅದನ್ನು ನೀರಾಗಿಸುತ್ತದೆ. ಆಯಿಲ್ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಅದನ್ನು ಬದಲಿಸದೆ ಓಡಿಸಬಾರದು.

ಕಂಪನಿ ಬಿಡಿಭಾಗ ಸಿಗದಿದ್ದಾಗ ಅಥವಾ ದುಬಾರಿಯೆನಿಸಿದಾಗ ಅಂಗಡಿಯ 'ಲೋಕಲ್' ಮಾಲೇ ಗತಿ. ಎಲ್ಲ ಲೋಕಲ್ ಮಾಲೂ ಕಳಪೆಯಲ್ಲ. ಕ್ಲಿಪ್, ಫಿಲ್ಟರ್, ಇಡೀ ಪೆಟ್ರೋಲ್ ಕಾಕ್‌ಗಳನ್ನು ಹಳೆಯದರ ಪಕ್ಕದಲ್ಲಿಟ್ಟು ಅಳತೆ, ಬೋಲ್ಟ್ ರಂಧ್ರಗಳ ಅಂತರ ಹೊಂದಿಸಿ ನೋಡಿ ಕೊಂಡರೆ ತೊಂದರೆಯಿಲ್ಲ. ಆದರೆ ರಬ್ಬರ್ ವಿಷಯದಲ್ಲಿ ಜಿಪುಣತನ ಸಲ್ಲದು. ನೀರಿಗೆ ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಪೆಟ್ರೋಲ್ ತಾಗಿ ಕೆಲವೇ ತಿಂಗಳಲ್ಲಿ ಬಿರುಸಾಗಿ ಸೀಳುತ್ತದೆ. ಬೀದರ್‌ನ ಬೇಸಿಗೆಯಲ್ಲಿ ಇನ್ನೂ ಬೇಗ. 2025ರ ಹೊತ್ತಿಗೆ ದೇಶದ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥೆನಾಲ್ ಬೆರಕೆಯಾಗಿದ್ದು, ಅದಕ್ಕೆ ಹೊಂದದ ಹಳೆಯ ರಬ್ಬರ್ ವಾಷರ್‌ಗಳು ಉಬ್ಬುವುದು ಅಥವಾ ಬಿರಿಯುವುದುಂಟು. (ಎಥೆನಾಲ್‌ಗೆ ಕಚ್ಚಾವಸ್ತುವಾಗುವ ಕಬ್ಬು ಬೀದರ್ ರೈತರ ಹೊಲದ ಬೆಳೆಯೂ ಹೌದು.) ಎಥೆನಾಲ್ ತಾಳುವ ಪೈಪ್, ಓ ರಿಂಗ್ ಎಂದು ಕೇಳಿಯೇ ತರಬೇಕು. ನೀಡಲ್ ವಾಲ್ವ್ ಅಂತೂ ಅದೇ ಕಾರ್ಬೊರೇಟರ್‌ನದೇ ಆಗಿರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಸೋರಿಕೆ ಮತ್ತೆ ಶುರು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕ್‌ಗಳು ಇಂದಿಗೂ ರಸ್ತೆಯಲ್ಲಿರುವುದಕ್ಕೆ ಹೊರಗಿನವರು ತಯಾರಿಸುವ ಬಿಡಿಭಾಗಗಳೂ ಒಂದು ಕಾರಣ. 2018ರಲ್ಲಿ ಜಾವಾ ಹೆಸರು ಮರಳಿ ಬಂದರೂ ಹೊಸದರ ಎಂಜಿನ್ ಬೇರೆ.

ಬಿಎಸ್-6 ನಿಯಮ ಜಾರಿಗೆ ಬಂದ 2020ರ ಏಪ್ರಿಲ್ ನಂತರದ ಬೈಕ್‌ಗಳಲ್ಲಿ ಹೆಚ್ಚಿನವು ಫ್ಯೂಯೆಲ್ ಇಂಜೆಕ್ಷನ್‌ನವು. ಅವುಗಳಲ್ಲಿ ಪಂಪ್ ಒತ್ತಡದಿಂದ ಪೆಟ್ರೋಲ್ ಹರಿಯುವುದರಿಂದ ಸಾಮಾನ್ಯ ಪೈಪ್ ಹಾಕುವ ಪ್ರಯೋಗ ಬೇಡವೇ ಬೇಡ.

ಟ್ಯಾಂಕಿನಲ್ಲೇ ಸಣ್ಣ ತೂತು ಬಿದ್ದಿದ್ದರೆ ಸೋಪು ಉಜ್ಜಿ ಊರು ಸೇರುವುದು ಹಳೆಯ ಉಪಾಯ. ಸೋಪು ಪೆಟ್ರೋಲ್‌ನಲ್ಲಿ ಸುಲಭವಾಗಿ ಕರಗದು, ನಿಜ. ಆದರೆ ಅದು ಗ್ಯಾರೇಜ್ ತಲುಪುವವರೆಗಿನ ಮಾತು. ಎಂ-ಸೀಲ್ ಕೂಡ ತಾತ್ಕಾಲಿಕವೇ. ಟ್ಯಾಂಕ್ ಬೆಸುಗೆ ಎಲ್ಲಕ್ಕಿಂತ ಅಪಾಯದ ಕೆಲಸ. ಪೆಟ್ರೋಲ್ ಸುರಿದು ಬರಿದಾದ ಟ್ಯಾಂಕಿನಲ್ಲಿ ಉಳಿಯುವ ಆವಿ, ತುಂಬಿದ ಟ್ಯಾಂಕಿಗಿಂತ ಸುಲಭವಾಗಿ ಸಿಡಿಯಬಲ್ಲದು. ಒಳಗಿನ ಆವಿಯನ್ನು ಪೂರ್ಣವಾಗಿ ಹೊರಹಾಕುವ ಕ್ರಮ ಬಲ್ಲವರ ಹೊರತು ಬೇರೆಯವರು ಇದಕ್ಕೆ ಕೈ ಹಾಕಕೂಡದು.

ದುರಸ್ತಿಯ ಬಳಿಕ ಕಾಕ್ ತೆರೆದು ಅರ್ಧ ಗಂಟೆ ಬಯಲಿನಲ್ಲಿ ನಿಲ್ಲಿಸಿ, ಅಡಿಗೆ ಹಳೆಯ ಪತ್ರಿಕೆ ಹಾಸಬೇಕು. ಕಾಗದ ಒಣಗಿದ್ದರೆ ಮಾತ್ರ ಎಂಜಿನ್ ಚಾಲೂ ಮಾಡಬಹುದು.