ಮೋಟು ಕಾವಿನ ಗುದ್ದಲಿ

ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ನಮ್ಮವ್ವ ವಿಜಯಪುರ ಜಿಲ್ಲೆಯ ದ್ರಾಕ್ಷಿ ಪಡಗಳಲ್ಲಿ ಇಪ್ಪತ್ತು ವರ್ಷ ಕಸ ತೆಗೆದಾಕಿ. ಪಡದ ತಂತಿ ಚಪ್ಪರ ಆಳೆತ್ತರ ಇರ್ತದೆ, ಕೆಳಗೆ ನಿಂತು ಆರಾಮ ಓಡಾಡಬಹುದು. ಆದರೆ ಅವ್ವನ ಕೈಗೆ ಕೊಟ್ಟಿದ್ದು ಗೇಣುದ್ದದ ಕುರ್ಪಿ. ಹನಿ ನೀರಾವರಿಯ ನೀರು ಬೀಳೋದು ಬಳ್ಳಿಯ ಬುಡಕ್ಕೆ, ಕರಿಕೆ, ಜೇಕು ಹುಟ್ಟೋದೂ ಅಲ್ಲೇ. ಸಾಲಿನ ನಡುವೆ ಟ್ರ್ಯಾಕ್ಟರ್ ಓಡ್ತದೆ, ಬುಡಕ್ಕೆ ಹೋದರೆ ಬಳ್ಳಿಗೆ ಗಾಯ, ಪೈಪೂ ಹರೀತದೆ. ಹಂಗಾಗಿ ಬುಡದ ಕಸಕ್ಕೆ ಹೆಂಗಸರು, ಕುಕ್ಕರಗಾಲಲ್ಲಿ, ಮುಂಜಾನೆಯಿಂದ ಸಂಜೆತನಕ. ಗಂಡಾಳಿಗೆ ಉದ್ದ ಕಾವಿನ ಸಲಿಕೆ, ಕೂಲಿಯೂ ಜಾಸ್ತಿ. ಅವ್ವನ ಜೊತೆಗೆ ಹೋಗ್ತಿದ್ದವರೆಲ್ಲ ನಮ್ಮ ಕೇರಿಯವರೇ. ಕಾವು ಯಾಕೆ ಇಷ್ಟು ಮೋಟು ಅಂತ ನಾನೂ ಕೇಳಿದವನಲ್ಲ. ಕ್ಯಾಲಿಫೋರ್ನಿಯಾದ ಕೂಲಿಗಳ ಚರಿತ್ರೆ ಓದಿದ ಮೇಲೆ ಆ ಪ್ರಶ್ನೆ ಹುಟ್ಟಿತು.

ಅಲ್ಲಿ ಲೆಟಿಸ್, ಬೀಟ್ ಹೊಲಗಳಲ್ಲಿ ಮೆಕ್ಸಿಕನ್, ಫಿಲಿಪಿನೋ ಕೂಲಿಗಳ ಕೈಗೆ ಕೊಡ್ತಿದ್ದ ಗುದ್ದಲಿಯ ಕಾವು ಒಂದಡಿ ಆಸುಪಾಸು. ಸ್ಪ್ಯಾನಿಷ್‌ನಲ್ಲಿ 'ಎಲ್ ಕೊರ್ತಿತೋ', ನಮ್ಮ ಮಾತಲ್ಲಿ ಮೋಟ. ಉದ್ದ ಕಾವಾದರೆ ಬೆಳೆಗೆ ಏಟು ಬೀಳ್ತದೆ ಅನ್ನೋದು ಮಾಲಕರ ವಾದ. ಕೂಲಿಗಳಿಗೆ ಗೊತ್ತಿದ್ದ ಕಾರಣ ಬೇರೆ: ಎಲ್ಲರೂ ಬಗ್ಗಿರುವ ಹೊಲದಲ್ಲಿ ಯಾರು ಬೆನ್ನು ನೆಟ್ಟಗೆ ಮಾಡಿದರೂ ಮೇಸ್ತ್ರಿಗೆ ದೂರದಿಂದಲೇ ಕಾಣ್ತದೆ. ಸೀಸರ್ ಚಾವೆಜ್ ಕೂಡ ಈ ಗುದ್ದಲಿ ಹಿಡಿದವರೇ. ಬೆನ್ನುನೋವು ಅವರನ್ನ ಕಡೆತನಕ ಬಿಡಲಿಲ್ಲ.

ಅದೇ ಕೂಲಿಗಳು ದ್ರಾಕ್ಷಿಗೂ ಹೋಗ್ತಿದ್ದರು. 1965ರ ಸೆಪ್ಟೆಂಬರ್ 8ರಂದು ಡೆಲಾನೋದಲ್ಲಿ ಲ್ಯಾರಿ ಇಟ್ಲಿಯಾಂಗ್ ಮುಂದಾಳತ್ವದಲ್ಲಿ ಫಿಲಿಪಿನೋ ಕೂಲಿಗಳು ಪಡ ಬಿಟ್ಟು ಹೊರಬಂದರು. ವಾರದಲ್ಲೇ ಚಾವೆಜ್ ಸಂಘವೂ ಸೇರಿತು. (ಪೋಸ್ಟರ್‌ಗಳಲ್ಲಿ ಚಾವೆಜ್ ಮಾತ್ರ ಉಳಿದರು. ಮೊದಲು ಹೆಜ್ಜೆ ಇಟ್ಟವರನ್ನ ಮರೆಯೋ ಚಾಳಿ ಎಲ್ಲಾ ಕಡೆ ಇದೆ.) ಕಾನೂನು ಅವರ ಕಡೆ ಇರಲಿಲ್ಲ. ಸಂಘ ಕಟ್ಟುವ ಹಕ್ಕು ಕೊಟ್ಟ ಅಮೆರಿಕದ 1935ರ ಕಾಯ್ದೆ ಹೊಲದ ಕೂಲಿಗಳನ್ನ, ಮನೆಗೆಲಸದವರನ್ನ ಹೊರಗಿಟ್ಟಿತ್ತು. ದಕ್ಷಿಣದ ರಾಜ್ಯಗಳ ಕಪ್ಪು ಜನರಲ್ಲಿ ಹೆಚ್ಚಿನವರು ಆಗ ಈ ಎರಡೇ ಕೆಲಸದಲ್ಲಿ ಇದ್ದರು ಅನ್ನೋದನ್ನ ನೆನಪಿಡಿ. ಬಾಬಾಸಾಹೇಬರು 1946ರಲ್ಲಿ ಮಂಡಿಸಿದ ಕನಿಷ್ಠ ಕೂಲಿ ಮಸೂದೆ 1948ರಲ್ಲಿ ಕಾಯ್ದೆಯಾದಾಗ ಅದರ ಪಟ್ಟಿಯಲ್ಲಿ ಬೇಸಾಯವೂ ಇತ್ತು. ಜಾರಿ ಹೆಂಗಾಯ್ತು ಅನ್ನೋದು ಬೇರೆ ಪೋಸ್ಟಿನ ವಿಷಯ.

ಐದು ವರ್ಷದ ಮುಷ್ಕರ, ಊರೂರಲ್ಲಿ ದ್ರಾಕ್ಷಿ ಬಹಿಷ್ಕಾರ. 1970ರ ಜುಲೈನಲ್ಲಿ ಡೆಲಾನೋ ಮಾಲಕರು ಒಪ್ಪಂದಕ್ಕೆ ಸಹಿ ಹಾಕಿದರು. ಕೂಲಿ ಏರಿತು, ಡಿಡಿಟಿಯಂಥ ವಿಷಗಳಿಗೂ ತಡೆ ಬಿತ್ತು.

ಗುದ್ದಲಿಯದು ಇನ್ನೂ ಬಾಕಿ ಇತ್ತು. ಕೂಲಿಗಳು, ಡಾಕ್ಟರುಗಳು ಸಾಕ್ಷಿ ಹೇಳಿದರೂ ಸರ್ಕಾರದ ಸುರಕ್ಷತಾ ಇಲಾಖೆ, ಮುರಿದ, ಕೆಟ್ಟ ಉಪಕರಣ ಮಾತ್ರ ಅಪಾಯಕಾರಿ, ಇದು ಗಟ್ಟಿಯಾಗೇ ಇದೆಯಲ್ಲ ಅಂದಿತು! ಆಫೀಸಿನಲ್ಲಿ ಫೈಲು ಬರೆಯೋನು ನಾನು, ಈ ಭಾಷೆ ನನಗೆ ಚೆನ್ನಾಗಿ ಗೊತ್ತು. 1975ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಆ ವಾದ ತಳ್ಳಿಹಾಕಿತು. ಅದೇ ವರ್ಷ ಮೋಟು ಗುದ್ದಲಿಗೆ ನಿಷೇಧ ಬಂತು. ಆಮೇಲೆ ಕೆಲವು ಮಾಲಕರು ಗುದ್ದಲಿ ಕಿತ್ತುಕೊಂಡು ಬರಿಗೈಲಿ ಕೀಳಿಸಿದರು. ಅದಕ್ಕೂ ಲಗಾಮು ಬಿದ್ದಿದ್ದು 2004ರಲ್ಲಿ.

ನಮ್ಮ ಕಡೆ ಈಗ ಕುರ್ಪಿ ಜೊತೆ ಕಳೆನಾಶಕವೂ ಬಂದಿದೆ. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಮದ್ದಿಲ್ಲ. ಸ್ವಿಟ್ಜರ್ಲೆಂಡ್ 1989ರಲ್ಲೇ ನಿಷೇಧಿಸಿತು, ಯುರೋಪಿಯನ್ ಒಕ್ಕೂಟದಲ್ಲಿ 2007ರಿಂದ ಇಲ್ಲ. ನಮ್ಮಲ್ಲಿ ದ್ರಾಕ್ಷಿಗೂ ಪರವಾನಗಿ ಇದೆ. ಪಂಪು ಬೆನ್ನಿಗೆ ಏರಿಸಿಕೊಳ್ಳೋರು ನಮ್ಮ ಕೇರಿಯ ಹುಡುಗರು.

ಮೊನ್ನೆ ಅವ್ವನಿಗೆ ಮೋಟು ಗುದ್ದಲಿ ಕಥೆ ಹೇಳಿದೆ. ಗೋಡೆ ಹಿಡಿದು ನಿಧಾನಕ್ಕೆ ಎದ್ದು ನಿಂತಳು. "ಕಾವು ಉದ್ದ ಮಾಡಿದ ಮ್ಯಾಲೆ ಹೆಣ್ಣಾಳಿಗೂ ಗಂಡಾಳಿನ ಕೂಲಿ ಕೊಟ್ರೇನಪಾ?" ಅಂತ ಕೇಳಿದಳು.