ನೇತ್ರಾವತಿಯ ಸೀಮೆಯ ಹೋಟೇಲು: ಒಂದು ಪರಂಪರೆಯ ವಿಚಾರ

ಮೂಡುಬಿದಿರೆಯ ಸಾವಿರ ಕಂಬದ ಬಸದಿಯು 1430ರಲ್ಲಿ ನಿರ್ಮಿತವಾದುದೆಂಬುದನ್ನೂ, ಅದರ ಸ್ತಂಭಗಳ ಶಿಲ್ಪವೈವಿಧ್ಯವನ್ನೂ ನಮ್ಮ ವಿದ್ವಾಂಸರು ಶ್ರದ್ಧೆಯಿಂದ ಪರಿಶೀಲಿಸಿರುವರು. ಆದರೆ ಆ ಬಸದಿಯ ದರ್ಶನಕ್ಕೆ ಬಂದ ಯಾತ್ರಿಕನು ಬಸ್ಸಿಳಿದೊಡನೆ ಹೊಕ್ಕು ದಣಿವಾರಿಸಿಕೊಂಡ ಹಂಚಿನ ಮಾಡಿನ ಹೋಟೇಲು, ಈ ನಾಡು ದೇಶಕ್ಕೆಲ್ಲ ಕೊಟ್ಟ ಕಾಣಿಕೆಯಾಗಿದ್ದರೂ, ಸ್ಥಳೇತಿಹಾಸದಲ್ಲಿ ತಕ್ಕ ಸ್ಥಾನವನ್ನು ಪಡೆದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯ ಮಟ್ಟಿಗೆ ಈ ಪರಂಪರೆಯನ್ನು ಅರಸಬೇಕಾದುದು ಅಡುಗೆಮನೆಯ ಕ್ರಮದಲ್ಲಿ ಮತ್ತು ಆ ಕ್ರಮವನ್ನು ಕಲಿತು ಪರಸ್ಥಳಕ್ಕೆ ಹೋದವರ ಬಾಳಿನಲ್ಲಿ ಎಂಬುದು ಈ ಲೇಖನದ ಪ್ರತಿಪಾದನೆ.

ಪೆರಿಯಶಾಂತಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಧರ್ಮಸ್ಥಳದತ್ತ ತಿರುಗುವ ದಾರಿಯು ಈ ಸೀಮೆಯ ಕೊಕ್ಕಡವೆಂಬ ಊರನ್ನು ಹಾದುಹೋಗುತ್ತದೆ. ವೈದ್ಯನಾಥೇಶ್ವರನ ಸನ್ನಿಧಿ, ಕೋರಿ ಜಾತ್ರೆ, ಗುಡಿಯಿಲ್ಲದೆ ಬಯಲಲ್ಲೇ ನೆಲೆನಿಂತ ಸೌತಡ್ಕದ ಮಹಾಗಣಪತಿ, ಇವುಗಳಿಂದಾಗಿ ಊರಿಗೆ ಜನಸಂಚಾರವು ಹೊಸದಲ್ಲ. ಇಂಥ ಯಾತ್ರಾಪಥದಲ್ಲಿ ಅನ್ನವೆಂಬುದು ಕ್ರಯಕ್ಕೆ ಸಲ್ಲುವ ವಸ್ತುವಾಗಿರಲಿಲ್ಲ. ಧರ್ಮಸ್ಥಳದ ಅನ್ನಛತ್ರದಲ್ಲಿ ಬಂದವರಿಗೆಲ್ಲ ಇಂದಿಗೂ ಬೆಲೆಯಿಲ್ಲದೆ ಊಟ ಬಡಿಸಲಾಗುತ್ತಿದೆ; ಸೌತಡ್ಕದಲ್ಲಿ ಅವಲಕ್ಕಿ ಪಂಚಕಜ್ಜಾಯದ ಪ್ರಸಾದವುಂಟು. ಹೀಗಿರಲು ದುಡ್ಡು ಕೊಟ್ಟು ತಿನ್ನುವ ಹೋಟೇಲು ಇಲ್ಲಿ ಹೇಗೆ ಬೇರೂರಿತು? ಛತ್ರದ ಊಟವು ಪೂಜೆಯ ಹೊತ್ತಿಗೆ ಕಟ್ಟುಬಿದ್ದುದು. ಹೋಟೇಲಿನ ಚಾ-ತಿಂಡಿಯಾದರೋ ಬಸ್ಸಿನ ಹೊತ್ತಿಗೆ, ಸಂತೆಯ ಹೊತ್ತಿಗೆ, ಕೋರ್ಟು ಕಚೇರಿಯ ಹೊತ್ತಿಗೆ ಒದಗತಕ್ಕುದು. ದೇವಸ್ಥಾನದೊಡನೆ ಸ್ಪರ್ಧಿಸದೆ, ಅದು ತೆರವಾಗಿ ಬಿಟ್ಟಿದ್ದ ವೇಳೆಯನ್ನು ಹೋಟೇಲು ತನ್ನದಾಗಿಸಿಕೊಂಡಿತೆಂದು ನನಗೆ ತೋರುತ್ತದೆ.

ಕಟ್ಟಡದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯ ತರುವಾಯ ಕರಾವಳಿಯ ಮಾಡುಗಳೆಲ್ಲ ಕೆಂಪಾದುವು. ಮನೆಯ ಜಗಲಿಯಲ್ಲೇ ಬೆಂಚು, ಗಲ್ಲಾಪೆಟ್ಟಿಗೆಗಳನ್ನಿಟ್ಟರೆ ಹೋಟೇಲಾಯಿತು. ವಿಚಾರಕ್ಕೆ ಯೋಗ್ಯವಾದುದು ಒಳಗಣ ಕೋಣೆ. ಕಡೆಯುವ ಕಲ್ಲಿನಲ್ಲಿ ಮುನ್ನಾದಿನವೇ ಅರೆದ ಉದ್ದಿನ ಹಿಟ್ಟು ಹುಳಿಬರುತ್ತಿರುವುದು. ಕಳಿತ ಬಾಳೆಹಣ್ಣನ್ನು ಕಿವುಚಿ, ಮೈದಾ ಮೊಸರುಗಳೊಡನೆ ನಾದಿಟ್ಟ ಬನ್ಸಿನ ಮುದ್ದೆಯು ರಾತ್ರಿಯೆಲ್ಲ ಬಟ್ಟೆಯಡಿ ಮಲಗಿರುವುದು. ಗೋಳಿಬಜೆಯ ಹದವಂತೂ ಪೂರ್ತಿ ಬೆರಳಿನ ವಿದ್ಯೆ: ಕೈಯನ್ನು ನೀರಿನಲ್ಲಿ ಅದ್ದಿ, ಹಸಿಮೆಣಸು ಶುಂಠಿ ಕಾಯಿಚೂರು ಸೇರಿದ ಹಿಟ್ಟನ್ನು ಹಿಡಿದು, ಹೆಬ್ಬೆರಳಿನಿಂದ ಕಾದ ಎಣ್ಣೆಗೆ ಜಾರಿಸಿದೊಡನೆ ಅದು ತಾನೇ ಉರುಟಾಗಿ ತೇಲಬೇಕು, ಬಾಲ ಬಂದಿತೆಂದರೆ ಹಿಟ್ಟು ನೀರಾಯಿತೆಂದೇ ಅರ್ಥ. ಸಜ್ಜಿಗೆಯ ಮೇಲೆ ಖಾರದ ಅವಲಕ್ಕಿ ಬೀಳದೆ ಈ ಸೀಮೆಯವನಿಗೆ ಬೆಳಗಾಗದೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ತಟ್ಟೆ ತೊಳೆಯುವ ಕೆಲಸಕ್ಕೆ ಸೇರಿದ ಹುಡುಗನು ಸಪ್ಲಾಯರ್ ಆಗಿ, ಅಡುಗೆಯ ಭಟ್ಟರ ಕೈಕೆಳಗೆ ಪಳಗಿ, ಕಟ್ಟಕಡೆಗೆ ಗಲ್ಲಾದಲ್ಲಿ ಕುಳಿತುಕೊಳ್ಳುವ ಕ್ರಮವು ಈ ನಾಡಿನ ಬಡಮಕ್ಕಳಿಗೆ ಒದಗಿದ ವಿದ್ಯಾಲಯವೇ ಸರಿ.

ಆದರೆ ಈ ವಿದ್ಯಾಲಯದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಪಂಕ್ತಿಭೇದವು ಹೋಟೇಲಿನೊಳಕ್ಕೂ ಬಂದು, ಬ್ರಾಹ್ಮಣರಿಗೆ ಬೇರೆ ಕೋಣೆಯೆಂಬ ವ್ಯವಸ್ಥೆಯಿತ್ತು. ದಲಿತನಿಗೆ ಅಂಗಳದಲ್ಲಿ ಗೆರಟೆಯಲ್ಲಿ ಚಾ ಹೊಯ್ಯುತ್ತಿದ್ದರು. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಸ್ಥಾಪಿಸಿದ ಜಿಲ್ಲೆಯೇ ಇದು ಎಂಬುದನ್ನು ನೆನೆದಾಗ ನೋವು ಇಮ್ಮಡಿಸುತ್ತದೆ. ಸಂವಿಧಾನದ 15ನೆಯ ವಿಧಿಯು ಹೋಟೇಲುಗಳನ್ನು ಹೆಸರಿಸಿಯೇ ಈ ಭೇದವನ್ನು ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮವು ಅದನ್ನು ದಂಡನಾರ್ಹವಾಗಿಸಿತು. ರುಚಿಯನ್ನು ಮಾತ್ರ ಕೊಂಡಾಡಿ ಗೆರಟೆಯನ್ನು ಮರೆಯುವ ಚರಿತ್ರೆಯನ್ನು ನಾನು ಚರಿತ್ರೆಯೆಂದು ಒಪ್ಪಲಾರೆ.

1907ರಲ್ಲಿ ಮಂಗಳೂರಿಗೂ ಮದರಾಸಿಗೂ ರೈಲುಸಂಪರ್ಕವೊದಗಿದ ಮೇಲೆ, ತುಂಡು ಗದ್ದೆಯನ್ನು ನಂಬಿ ಬದುಕಲಾರದ ತರುಣರಿಗೆ ಹೊಸ ದಾರಿ ತೆರೆಯಿತು. ಮುಂಬಯಿಗಾದರೆ ಹಡಗೇ ಇತ್ತು. ಹಾಗೆ ಮದರಾಸನ್ನು ಸೇರಿದವರಲ್ಲಿ ಮೂಡುಬಿದಿರೆಯ ಬಳಿಯ ಕಡಂದಲೆಯ ಕೆ. ಕೃಷ್ಣರಾಯರು ಅಗ್ರಗಣ್ಯರು. ಅಡುಗೆಮನೆಯ ಕೆಲಸದಿಂದಲೇ ಮೇಲೇರಿದ ಅವರು ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸವನ್ನು ನಡೆಸಿ, 1938ರಲ್ಲಿ ರಾಯಪೇಟೆಯ ಬಂಗಲೆಯೊಂದರಲ್ಲಿ ವುಡ್‌ಲ್ಯಾಂಡ್ಸ್ ಹೋಟೇಲನ್ನು ತೆರೆದರು. 1962ರಲ್ಲಿ ತೋಟದ ಮರಗಳ ನೆರಳಲ್ಲಿ ಆರಂಭವಾದ ಅವರ ಡ್ರೈವ್-ಇನ್ ಹೋಟೇಲು, ಕಾರಿನಲ್ಲಿಯೇ ಕುಳಿತವರಿಗೆ ಇಡ್ಲಿ ಕಾಫಿಗಳನ್ನು ಒದಗಿಸುತ್ತ 2008ರವರೆಗೆ ನಡೆಯಿತು; ಅದು ಮುಚ್ಚಿದಾಗ ಮದರಾಸಿನ ನಾಗರಿಕರು ಮರುಗಿದರು.

ಮದರಾಸಿನವರು ಆ ಹೋಟೇಲುಗಳ ವೃತ್ತಾಂತವನ್ನು ತಮ್ಮ ನಗರದ ಚರಿತ್ರೆಯಲ್ಲಿ ಸೇರಿಸಿಕೊಂಡಿರುವರು. ಅದರ ಪೂರ್ವಾರ್ಧವನ್ನು ಬರೆಯತಕ್ಕವರು ನಾವು. ಊರೂರಿನ ಹಳೆಯ ಹೋಟೇಲುಗಳ ಲೆಕ್ಕದ ಪುಸ್ತಕ, ಸಂಬಳದ ಚೀಟಿ, ಸಾಲದ ಪಟ್ಟಿಗಳು ಅಟ್ಟದಲ್ಲಿ ಗೆದ್ದಲು ಹಿಡಿಯುವ ಮುನ್ನ, ಕಡೆಯುವ ಕಲ್ಲಿನ ಮುಂದೆ ಕುಳಿತಿದ್ದ ವೃದ್ಧರ ಬಾಯಿಂದ ಕೆಲಸದ ವಿವರಗಳನ್ನು ಕೇಳಿ ಬರೆದುಕೊಳ್ಳುವ ಕಾರ್ಯವು ಈ ವರ್ಷವೇ ಕೊಕ್ಕಡ, ಕಡಂದಲೆಗಳಿಂದ ಮೊದಲಾಗಬೇಕು.